ಎಫ್‌ಎಂ ಇಲ್ಲದ ಫೋನು, ಕತ್ತರಿ ಹಿಡಿಯದ ನಾನು

ಕೆಲವರಿಗೆ ಹುಟ್ಟಿನಿಂದಲೇ ಹಾಡು ಬರುತ್ತದಂತೆ, ಕೆಲವರಿಗೆ ಲೆಕ್ಕ. ನನಗೆ ಬಂದದ್ದು ಅಂಜಿಕೆ. ಅದನ್ನು ಯಾರೂ ಕಲಿಸಿದ್ದಲ್ಲ, ನಾನೂ ಕಷ್ಟಪಟ್ಟು ರೂಢಿಸಿಕೊಂಡದ್ದಲ್ಲ. ಕುಕ್ಕರನ್ನು ಒಲೆಯ ಮೇಲಿಟ್ಟರೆ ಸೀಟಿ ಆಗುವವರೆಗೆ ನಾನು ಅಡುಗೆಮನೆಯ ಒಳಗಿರುವುದಿಲ್ಲ. ಬಾಗಿಲ ಹೊರಗೆ ನಿಂತು ಕತ್ತನ್ನಷ್ಟೇ ಒಳಗಿಟ್ಟು ನೋಡುತ್ತಿರುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ಗೊತ್ತಿದ್ದ ನಂಬರಿನಿಂದ ಬಂದರೆ, ಇವರು ಈ ಹೊತ್ತಿನಲ್ಲಿ ಯಾಕೆ ಮಾಡಿದರು ಎಂದು ಅಂಜಿ ಆಗಲೂ ಎತ್ತುವುದಿಲ್ಲ. ಬಸ್ಸಿನಲ್ಲಿ ಟಿಕೆಟನ್ನು ಮುಷ್ಟಿಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿರುತ್ತೇನೆಂದರೆ, ತಪಾಸಣೆಯವರು ಬಂದು ಕೇಳುವ ಹೊತ್ತಿಗೆ ಅದು ಬೆವರಿಗೆ ನೆನೆದು, ಯಾವ ಊರಿನದೆಂದು ಕೊಟ್ಟ ಕಂಡಕ್ಟರಿಗೂ ಓದಲು ಬರುವುದಿಲ್ಲ. ನನ್ನ ಅಕ್ಕ ನೀಲಕ್ಕ ಹೀಗಿರಲಿಲ್ಲ. ನಮ್ಮ ಮನೆಗೆಂದು ಬಂದಿದ್ದ ಧೈರ್ಯವನ್ನೆಲ್ಲ ಅವಳು ಮೊದಲೇ ಹುಟ್ಟಿ ತೆಗೆದುಕೊಂಡುಬಿಟ್ಟಿದ್ದಳು. ನನ್ನ ಸರದಿ ಬಂದಾಗ ಡಬ್ಬಿಯ ತಳ ಕೆರೆದರೂ ಏನೂ ಸಿಗಲಿಲ್ಲ.

ಹಾನಗಲ್ಲಿನಲ್ಲಿ ನಮ್ಮದೊಂದು ಹೊಲಿಗೆ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಖೋಲಿ. ಅದರಲ್ಲಿ ಒಂದು ಮಷಿನ್, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಗೆ ಒಂದು ಕನ್ನಡಿ. ಗಂಡ ತೀರಿಕೊಂಡ ಮೇಲೆ ವಾಪಸ್ ಬಂದ ಅಕ್ಕ, ಮದುವೆಯ ಮಾತು ಬಂದಾಗಲೆಲ್ಲ ಹೆದರಿ ಅಟ್ಟ ಹತ್ತುತ್ತಿದ್ದ ನಾನು, ಇಬ್ಬರೂ ಸೇರಿ ಹೆಂಗಸರ ಜಂಪರ್, ಅಂದರೆ ರವಿಕೆ, ಹೊಲಿದು ಬದುಕಿದೆವು. ಕೆಲಸ ಹಂಚಿಕೊಂಡಿದ್ದೆವು. ಕತ್ತರಿಸುವುದು ಅಕ್ಕ, ಹೊಲಿಯುವುದು ನಾನು. ಈ ಹಂಚಿಕೆಯನ್ನು ಯಾರೂ ಕುಳಿತು ಮಾಡಿದ್ದಲ್ಲ, ನನ್ನ ಅಂಜಿಕೆ ಮಾಡಿದ್ದು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಮತ್ತೆ ಹಾಕಬಹುದು. ಕತ್ತರಿಸಿದ್ದನ್ನು ಏನು ಮಾಡುತ್ತೀರಿ? ಅದರಲ್ಲೂ ಈಗಿನ ಸೀರೆಗಳ ಜೊತೆಗೇ ಜಂಪರ್ ಪೀಸ್ ಬರುತ್ತದೆ. ಅದೇ ಬಣ್ಣ, ಅದೇ ಜರಿ, ಅಳೆದು ಇಟ್ಟ ಹಾಗೆ ಅಷ್ಟೇ ಬಟ್ಟೆ. ಕೆಟ್ಟರೆ ಅಂಥದೊಂದು ಪೀಸ್ ಲೋಕದಲ್ಲಿ ಮತ್ತೊಂದಿಲ್ಲ. ಅಕ್ಕ ಹೊಸ ಬಟ್ಟೆಗೆ ಕತ್ತರಿ ಇಡುವಾಗ ನಾನು ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದೆ. ಎರಡೂ ತೋಳು ಎಡಗೈಯವೇ ಆಗಿಬಿಟ್ಟರೆ, ಬೆನ್ನು ಗಿಡ್ಡವಾದರೆ, ಕೊರಳು ಹೊಟ್ಟೆಯವರೆಗೆ ಇಳಿದರೆ ಎಂದು ನನ್ನೊಳಗೆ ಏನೇನೋ ಓಡುತ್ತಿತ್ತು. ಅಕ್ಕ ನಗುತ್ತಿದ್ದಳು. "ಏ ಶಾರದಾ, ನಾ ಅರಿವಿ ಕತ್ತರಿಸಾಕತ್ತೇನಿ, ಕುರಿ ಅಲ್ಲ. ತಿರಗ ಈ ಕಡೆ" ಎನ್ನುತ್ತಿದ್ದಳು.

ಕತ್ತರಿ ಹಿಡಿಯುವ ಮೊದಲು ಅಕ್ಕನಿಗೆ ಎಫ್‌ಎಂ ಬೇಕು. ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಫೋನ್. ಅದರಲ್ಲಿ ನನಗಿದ್ದ ಅಧಿಕಾರವೆಂದರೆ ಚಾರ್ಜಿಗೆ ಇಡುವುದು. ಸ್ಮಾರ್ಟ್‌ಫೋನೇ, ಆದರೆ ಹಳೆಯದು. ತಲೆಯ ಮೇಲೆ ಇಯರ್‌ಫೋನ್ ಚುಚ್ಚುವ ದುಂಡನೆಯ ತೂತು ಇದ್ದ ಕಾಲದ್ದು. ಆ ತೂತಿನಲ್ಲಿ ವೈರ್ ಚುಚ್ಚಿದರೆ ಮಾತ್ರ ಎಫ್‌ಎಂ ಹತ್ತುತ್ತದೆ. ಯಾಕೆಂದರೆ ಆ ವೈರೇ ಅದರ ಏರಿಯಲ್. ಅಕ್ಕನಿಗೆ ಕಿವಿಯಲ್ಲಿ ಏನನ್ನಾದರೂ ತುರುಕಿಕೊಳ್ಳುವುದು ಸೇರದು. "ಕಿವ್ಯಾಗ ಗುಂಡಿ ಹಾಕ್ಕೊಂಡು ಕುಂತ್ರ ಗಿರಾಕಿ ಬಂದದ್ದು ಗೊತ್ತಾಗೂದ ಹ್ಯಾಂಗ?" ಎಂದವಳೇ ಹೊಸ ಇಯರ್‌ಫೋನಿನ ಎರಡೂ ಗುಂಡಿಗಳನ್ನು ಬಟ್ಟೆಯ ಕತ್ತರಿಯಿಂದಲೇ ಕಚಕ್ಕನೆ ಕತ್ತರಿಸಿ ಬಿಸಾಕಿ, ಉಳಿದ ವೈರನ್ನು ಕಿಟಕಿಯ ಸರಳಿಗೆ ಸುತ್ತಿದಳು. ಫೋನನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿದಳು. ಲೋಟದೊಳಗಿಂದ ದನಿ ದೊಡ್ಡದಾಗಿ, ಯಾರೋ ಬಾವಿಯಲ್ಲಿ ನಿಂತು ಹಾಡಿದ ಹಾಗೆ ಬರುತ್ತಿತ್ತು. ಧಾರವಾಡದ ಕಡೆಯದೋ ಶಿವಮೊಗ್ಗದ ಕಡೆಯದೋ, ಆ ದಿನ ಗಾಳಿಗೆ ಮನಸ್ಸಾದ ಸ್ಟೇಷನ್. ಹಾಡು ಶುರುವಾದರೆ ಅಕ್ಕ ಕತ್ತರಿ ಶುರು ಮಾಡುವಳು. ಹಾಡು ಮುಗಿಯುವ ಹೊತ್ತಿಗೆ ಒಂದು ಜಂಪರ್ ತುಂಡುತುಂಡಾಗಿ ನನ್ನ ಮಷಿನ್ನಿನ ಪಕ್ಕ ಬಂದು ಬೀಳುತ್ತಿತ್ತು.

ಎಫ್‌ಎಂ ಕೇಳುವುದರಲ್ಲೂ ನಾನು ಸುಖಪಟ್ಟವಳಲ್ಲ. "ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಂಭವವಿದೆ" ಎಂದು ಅದರಲ್ಲಿ ಹೇಳಿದರೆ ನಾನು ಎದ್ದು ಕಿಟಕಿ ಮುಚ್ಚುತ್ತಿದ್ದೆ. "ಅಲ್ಲಲ್ಲಿ ಅಂದ್ರ ನಿನ್ನ ತಲಿ ಮ್ಯಾಲ ಅಂತಲ್ಲವಾ. ಅವ್ರಿಗೂ ಗೊತ್ತಿಲ್ಲ, ಅದಕ್ಕ ಹಂಗ ಅಂತಾರ" ಎಂದು ಅಕ್ಕ ಕಿಟಕಿ ತೆಗೆಯುತ್ತಿದ್ದಳು. ಒಮ್ಮೆ ದೊಡ್ಡ ಗಾಳಿಮಳೆ ಬಂದು ಕರೆಂಟ್ ಹೋಯಿತು, ಟವರೂ ಹೋಯಿತು. ಓಣಿಯಲ್ಲಿದ್ದ ಫೋನುಗಳೆಲ್ಲ ಕೈಯಲ್ಲಿ ಹಿಡಿದ ಹಂಚಿನ ಚೂರಿನಂತಾಗಿ, ನಮ್ಮ ಲೋಟವೊಂದೇ ಮಾತಾಡುತ್ತಿತ್ತು. ಯಾವ ಹಳ್ಳಕ್ಕೆ ನೀರು ಬಂದಿದೆ, ಯಾವ ಕಡೆ ಬಸ್ಸು ನಿಂತಿದೆ ಎಂದು ಕೇಳಲು ಜನ ನಮ್ಮ ಕಿಟಕಿಯ ಹೊರಗೆ ಕೊಡೆ ಹಿಡಿದು ನಿಂತರು. ಅಕ್ಕ ಅಂದು ಊರಿಗೇ ಸುದ್ದಿ ಓದುವವಳ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ನಾನು ಇಷ್ಟೊಂದು ಜನರ ಭಾರಕ್ಕೆ ಕಟ್ಟೆ ಕುಸಿದರೆ ಎಂದು ಅಂಜುತ್ತಿದ್ದೆ.

ಹೋದ ಶ್ರಾವಣದಲ್ಲಿ ಅಕ್ಕ ಜ್ವರ ಎಂದು ಮಲಗಿದವಳು ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಬಂದವರೆಲ್ಲ ಧೈರ್ಯ ತಗೋ ಎಂದರು. ಎಲ್ಲಿಂದ ತೆಗೆದುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ.

ಅಕ್ಕ ಕತ್ತರಿಸಿಟ್ಟ ಜಂಪರ್‌ಗಳು ಇನ್ನೂ ಇದ್ದವು. ಅವು ಇರುವಷ್ಟು ದಿನ ನಾನು ಎಫ್‌ಎಂ ಹಚ್ಚಿ ಹೊಲಿಯುತ್ತಾ ಕುಳಿತೆ. ಮುಗಿಯುತ್ತಾ ಬಂದಂತೆ ಕೈ ನಿಧಾನವಾಯಿತು. ಒಂದು ಹುಕ್ಕು ಹಚ್ಚಲು ಅರ್ಧ ಮಧ್ಯಾಹ್ನ. ಕಡೆಗೊಂದು ದಿನ ಅವೂ ಮುಗಿದವು. ಮೇಜಿನ ಮೇಲೆ ಕತ್ತರಿ ತಾಗದ ಪೀಸುಗಳು ಉಳಿದವು, ಪ್ರತಿಯೊಂದರ ಜೊತೆಗೆ ಅಳತೆಗೆಂದು ಕೊಟ್ಟ ಒಂದೊಂದು ಹಳೆಯ ಜಂಪರ್. ಎಲ್ಲಕ್ಕಿಂತ ಮೇಲೆ ಹುಸೇನಬಿಯವರ ಹಸಿರು ಜರಿಯ ಪೀಸ್. ಅವರು ಸವಣೂರಿನವರು, ವೀಳ್ಯದೆಲೆಯ ವ್ಯಾಪಾರ. ಸಂತೆಗೆ ಹಾನಗಲ್ಲಿಗೆ ಬಂದಾಗಲೆಲ್ಲ ಎಲೆಯ ಬುಟ್ಟಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು, ಅಕ್ಕನ ಹತ್ತಿರ ಕುಳಿತು ಮಾತಾಡಿ ಹೋಗುವವರು. ಅವರ ಮಗಳ ನಿಖಾ ಹತ್ತಿರ ಬಂದಿತ್ತು. ನಾನು ಕತ್ತರಿಸದಿದ್ದರೆ ಅವರು ಹಳೆಯ ಜಂಪರ್ ತೊಟ್ಟೇ ಮಗಳ ನಿಖಾದಲ್ಲಿ ನಿಲ್ಲಬೇಕು. ಅದಷ್ಟೇ ಅಲ್ಲ, ಕತ್ತರಿಸಲು ಬಾರದ ದರ್ಜಿಯ ಅಂಗಡಿಗೆ ಯಾರು ಬರುತ್ತಾರೆ? ಅಕ್ಕಿಆಲೂರಿನ ಬಟ್ಟೆ ಅಂಗಡಿಯೊಂದರವರು ಆಗಲೇ ಹೇಳಿ ಕಳಿಸಿದ್ದರು, ಅಂಗಡಿ ಮುಚ್ಚಿ ತಮ್ಮಲ್ಲಿಗೆ ಬಂದರೆ ಸೀರೆಗೆ ಫಾಲ್ ಹಚ್ಚುವ ಕೆಲಸ ಕೊಡುತ್ತೇವೆಂದು. ಆ ಮಾತು ಕೇಳಿದಾಗಿನಿಂದ ಎದೆಯಲ್ಲಿ ಒಂದು ಟಾಚಣಿ ಚುಚ್ಚಿಕೊಂಡೇ ಇತ್ತು.

ನಾಳೆ ಎಫ್‌ಎಂ ಹಚ್ಚಿ, ಒಳ್ಳೆಯ ಹಾಡು ಬಂದ ತಕ್ಷಣ ಕತ್ತರಿ ಹಿಡಿಯುವುದೆಂದು ಒಂದು ಸಂಜೆ ನಿಶ್ಚಯಿಸಿದೆ. ಮರುದಿನ ಬೆಳಿಗ್ಗೆ ವೈರ್ ಚುಚ್ಚಿದರೆ, ಇಯರ್‌ಫೋನ್ ಚುಚ್ಚಿರಿ ಎಂದು ಫೋನ್ ಅಕ್ಷರದಲ್ಲಿ ಹೇಳಿತು. ಚುಚ್ಚಿದ್ದೇನೆ ಮಾರಾಯ ಎಂದು ನಾನು ಹೇಳಿದೆ. ಅದು ಕೇಳಲಿಲ್ಲ. ತೂತು ಸಡಿಲಾಗಿತ್ತು. ನನಗೆ ಜೀವ ಹೋದಂತಾಯಿತು. ಅದರ ಬೆನ್ನಿಗೇ, ನಿಜ ಹೇಳಬೇಕೆಂದರೆ, ಇವತ್ತು ಕತ್ತರಿ ಹಿಡಿಯಬೇಕಾಗಿಲ್ಲ ಎಂದು ಸ್ವಲ್ಪ ಹಗುರವೂ ಆಯಿತು.

ಹಾನಗಲ್ಲಿನ ಮೊಬೈಲ್ ಅಂಗಡಿಯವರು ತೂತಿನೊಳಗೆ ಒಂದು ಸೂಜಿ ಹಾಕಿ ತಿರುವಿ, ಹೊರಗೆ ತೆಗೆದು, ನನ್ನ ಮುಖ ನೋಡಿದರು. ಡಾಕ್ಟರು ನೋಡುವ ಹಾಗೆ.

"ಅಕ್ಕಾರ, ಇದರ ಪಾರ್ಟ್ ಈಗ ಬರಂಗಿಲ್ರಿ. ಹೊಸಾದ ತಗೊಂಡ್ಬಿಡ್ರಿ."

"ಅದರಾಗ ಎಫ್‌ಎಂ ಇರತೈತೇನ್ರಿ?"

"ಎಫ್‌ಎಂ ಯಾರ್ ಕೇಳ್ತಾರ್ರಿ ಈಗ? ಆ್ಯಪ್ ಹಾಕ್ಕೊಡ್ತೇನಿ. ಲೋಕದಾಗಿನ ಹಾಡೆಲ್ಲಾ ಬರ್ತಾವ."

"ನನಗ ಲೋಕದ್ದ ಬ್ಯಾಡ್ರಿ. ಧಾರವಾಡದ ಕಡೇದ್ದು ಬಂದ್ರ ಸಾಕು."

ಅವರು ತಮ್ಮದೇ ಫೋನಿನಲ್ಲಿ ಒಂದು ಆ್ಯಪ್ ತೆಗೆದು ತೋರಿಸಿದರು. ಅದು ಹಾಡುವ ಮೊದಲು ಪ್ರಶ್ನೆ ಕೇಳಲು ಶುರು ಮಾಡಿತು. ನೀವು ಎಲ್ಲಿದ್ದೀರಿ ಎಂದು ತಿಳಿಯಲು ಅನುಮತಿ ಬೇಕಂತೆ. ಫೋಟೋ ನೋಡಲು ಅನುಮತಿ ಬೇಕಂತೆ. ಮೈಕು ಬೇಕಂತೆ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಒಂದು ಹಾಡು ಕೇಳುವುದಕ್ಕೆ ನಾನೆಲ್ಲಿದ್ದೇನೆಂದು ಅದಕ್ಕೆ ಯಾಕೆ ಬೇಕು? ಒಬ್ಬಳೇ ಇರುವ ಹೆಂಗಸು ನಾನು. ಎಫ್‌ಎಂ ಹೀಗಲ್ಲ. ಅದು ತನ್ನ ಪಾಡಿಗೆ ಹೇಳುತ್ತದೆ, ನಮ್ಮ ಮಾತು ಕೇಳಿಸಿಕೊಳ್ಳುವುದಿಲ್ಲ. ನಾನು ಇದ್ದೇನೆ ಎಂದೇ ಅದಕ್ಕೆ ಗೊತ್ತಿಲ್ಲ. ಇದಕ್ಕಿಂತ ಸುರಕ್ಷಿತವಾದ ಸಂಗಾತಿ ಯಾರು ಸಿಗುತ್ತಾರೆ? ಅಂಗಡಿಯವರು ನಗುತ್ತಾ ಇನ್ನೊಂದು ಮಾತು ಹೇಳಿದರು. "ಕೆಲವು ಫೋನಿನ್ಯಾಗ ಎಫ್‌ಎಂ ಒಳಗ ಇರತೈತಂತ್ರಿ, ಕಂಪನಿಯವ್ರ ಬಂದ್ ಮಾಡಿರ್ತಾರಂತ." ಅದನ್ನು ಕೇಳಿ ನನ್ನ ಅಂಜಿಕೆ ಇಮ್ಮಡಿಯಾಯಿತು. ನಾವು ಕೊಂಡ ಮನೆಯಲ್ಲಿ ನಮಗೆ ಗೊತ್ತಿಲ್ಲದ ಒಂದು ಕೋಣೆ, ಅದರೊಳಗೆ ಹಾಡು, ಬೀಗದಕೈ ಬೇರೆಯವರ ಹತ್ತಿರ. ಹೀಗೂ ಉಂಟೇ?

ಅಲ್ಲಿಂದ ನಾನು ಎಫ್‌ಎಂ ಪರವಾಗಿ ವಾದ ಮಾಡುವವಳಾದೆ. ಹಾಲು ಹಾಕುವವರ ಹತ್ತಿರ, ನೀರು ಬಿಡುವವರ ಹತ್ತಿರ, ಫೋನಿನಲ್ಲಿ ಎಫ್‌ಎಂ ಇರಲೇಬೇಕು ಎಂದು ಹೇಳುತ್ತಿದ್ದೆ. ನೆಟ್ ಪ್ಯಾಕ್ ಬೇಡ, ಟವರ್ ಬೇಡ, ಮಳೆಗಾಲದಲ್ಲಿ ಜನಕ್ಕೆ ಸುದ್ದಿ ತಿಳಿಯುತ್ತದೆ ಎಂದೆಲ್ಲ ಹೇಳುತ್ತಿದ್ದೆ. ಹುಟ್ಟಿದಾಗಿನಿಂದ ಯಾರೊಂದಿಗೂ ಎದುರು ಮಾತಾಡದವಳು ಈಗ ಓಣಿಯಲ್ಲಿ ನಿಂತು ಭಾಷಣ ಮಾಡುವುದನ್ನು ನೋಡಿ, ದುಃಖಕ್ಕೆ ಹೀಗಾಗಿದೆ ಎಂದು ಜನ ಸುಮ್ಮನೆ ತಲೆಯಾಡಿಸುತ್ತಿದ್ದರು. ನೀರು ಬಿಡುವ ಬಸಣ್ಣನವರು ಮಾತ್ರ, "ಹಂಗಿದ್ರ ಒಂದ ಸಣ್ಣ ರೇಡಿಯೋ ತಗೋ ತಂಗಿ, ಸಂತ್ಯಾಗ ಸಿಗತಾವ" ಎಂದರು. ಆ ಮಾತಿಗೆ ನನ್ನಲ್ಲಿದ್ದ ಒಂದೇ ಉತ್ತರವನ್ನು ಅವರಿಗೆ ಹೇಳುವಂತಿರಲಿಲ್ಲ. ಸಂತೆಯಿಂದ ರೇಡಿಯೋ ತಂದರೆ ಅವತ್ತೇ ಕತ್ತರಿ ಹಿಡಿಯಬೇಕಾಗುತ್ತದೆ. ಎಫ್‌ಎಂ ಇರುವ ಫೋನನ್ನೇ ಹುಡುಕುತ್ತೇನೆ ಎಂದರೆ ಊರೂರು ತಿರುಗಬಹುದು.

ತಿರುಗಿದೆ. ಮೊದಲು ಶಿಗ್ಗಾಂವಿ. ಶಿಗ್ಗಾಂವಿಯ ಬಸ್ಸು ಅಂದರೆ ನನಗೆ ನೆನಪಾಗುವುದು ಗೊಟಗೋಡಿಯ ಬೊಂಬೆಗಳ ತೋಟ. ಅಕ್ಕ ಒಮ್ಮೆ ನನ್ನನ್ನು ಎಳೆದುಕೊಂಡು ಹೋಗಿದ್ದಳು. ನಿಜವಾದ ಮನುಷ್ಯರಂತೆಯೇ ನಿಲ್ಲಿಸಿದ ಒಕ್ಕಲು ಮಂದಿ, ಕುಟ್ಟುವವರು, ಬೀಸುವವರು. ಎಲ್ಲರೂ ಕಲೆ ನೋಡುತ್ತಿದ್ದರೆ ಅಕ್ಕ ಒಬ್ಬ ಹೆಂಗಸಿನ ಬೊಂಬೆಯ ಪಕ್ಕ ಬಗ್ಗಿ ತೋಳಿನ ನೆರಿಗೆ ನೋಡುತ್ತಿದ್ದಳು. "ಇದನ್ನ ಮಾಡಿದಾಂವಗ ಹೊಲಿಗಿ ಗೊತ್ತೈತಿ ನೋಡ" ಎಂದಳು. ನಾನು ಅವು ತಿರುಗಿ ನೋಡಿದರೆ ಏನು ಗತಿ ಎಂದು ಅಕ್ಕನ ಸೆರಗು ಹಿಡಿದುಕೊಂಡೇ ನಡೆದಿದ್ದೆ. ಈ ಸಲ ಹಿಡಿಯಲು ಸೆರಗಿರಲಿಲ್ಲ, ಬಸ್ಸಿನ ಮುಂದಿನ ಸೀಟಿನ ಕಂಬಿ ಹಿಡಿದೆ. ಶಿಗ್ಗಾಂವಿಯ ಅಂಗಡಿಯವರು ಎಫ್‌ಎಂ ಇಲ್ಲ ಎಂದರು. ದುಃಖದ ಮುಖ ಮಾಡಿ ಹೊರಬಂದೆ. ಹೊರಗೆ ಬಂದ ಮೇಲೆ ಒಂದು ಕಪ್ ಚಹಾ ನೆಮ್ಮದಿಯಾಗಿ ಕುಡಿದೆ.

ಸವಣೂರಿನಲ್ಲಿ ಹಾಗಾಗಲಿಲ್ಲ. ಹುಸೇನಬಿಯವರ ಕಣ್ಣಿಗೆ ಬೀಳಬಾರದೆಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಎಲೆ ಮಾರುವವರ ಬೀದಿ ಬಿಟ್ಟು ಸುತ್ತುಹಾಕಿ ಹೋದೆ. ಅಲ್ಲಿಯ ಅಂಗಡಿಯವರು, ಹೊಸ ಫೋನಿಗೆ ಹಳೆಯದರಲ್ಲಿದ್ದುದನ್ನೆಲ್ಲ ಹೇಗೆ ಹಾಕಿಕೊಡುತ್ತೇವೆಂದು ತೋರಿಸಲು ಅಕ್ಕನ ಫೋನನ್ನು ತೆಗೆದು ಅಲ್ಲಿ ಇಲ್ಲಿ ಒತ್ತಿದರು. ಇದ್ದಕ್ಕಿದ್ದಂತೆ ಗಲ್ಲೆಯ ಮೇಜಿನ ಮೇಲಿಂದ ಅಕ್ಕ ಮಾತಾಡಿದಳು. "ಹುಸೇನಬಿ, ನಿನ್ನ ಜಂಪರ್ ಆಗೇತಿ. ಬರೂಮುಂದ ನಾಕ ಎಲಿ ಹಿಡಕೊಂಡ ಬಾ, ಹೋದ ಸಲದಂಥಾ ಒಣಗಿದ್ವು ತರಬ್ಯಾಡ."

ಎಂದೋ ವಾಟ್ಸ್ಯಾಪಿನಲ್ಲಿ ಕಳಿಸಿದ ಮಾತು. ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಯಾರ್ರಿ ಇವ್ರು, ಭಾರಿ ಜೋರ್ ಅದಾರ" ಎಂದು ಅಂಗಡಿಯವರು ನಕ್ಕರು.

"ನಮ್ಮ ಅಕ್ಕ" ಎಂದೆ. ಇದ್ದಾಳೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಫೋನನ್ನು ಇಸಿದುಕೊಂಡು ಹೊರಬಂದೆ. ಫೋನಿನ ಬಗ್ಗೆ ನನಗಿರುವ ದೊಡ್ಡ ಅಂಜಿಕೆ ಇದೇ. ಅದು ಎಲ್ಲವನ್ನೂ ಹಿಡಿದಿಟ್ಟುಕೊಂಡಿರುತ್ತದೆ, ಯಾರೂ ಕೇಳದಿದ್ದರೂ ಹೊರಗೆ ಬಿಡುತ್ತದೆ. ಎಫ್‌ಎಂ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಅದರಲ್ಲಿ ಮಾತಾಡುವವರು ಈಗ, ಈ ಕ್ಷಣ, ಎಲ್ಲೋ ಒಂದು ಕಡೆ ಉಸಿರಾಡುತ್ತಾ ಕುಳಿತಿರುತ್ತಾರೆ. ಆ ಧೈರ್ಯಕ್ಕಾದರೂ ಫೋನಿನಲ್ಲಿ ಅದು ಇರಬೇಕು ಎಂದು ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಎಫ್‌ಎಂ ಪರವಾಗಿ ನಾನು ಮಾಡಿದ ವಾದಗಳಲ್ಲಿ ನೆಪವಿಲ್ಲದ್ದು ಅದೊಂದೇ.

ಕಡೆಗೆ ಹಿರೇಕೆರೂರು. ದೂರದ ಊರು, ಹೋಗಿ ಬರುವುದರಲ್ಲಿ ದಿನ ಕಳೆಯುತ್ತದೆ ಎಂಬುದೇ ಅದರ ಗುಣ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವರಿಗೆ ರೂಢಿಯಂತೆ ಎಫ್‌ಎಂ ಇದೆಯೇ ಎಂದು ಕೇಳಿ, ಇಲ್ಲ ಎಂಬ ಉತ್ತರಕ್ಕೆ ಮುಖವನ್ನು ತಯಾರು ಮಾಡಿಕೊಂಡು ನಿಂತೆ. ಅವರು ಒಳಗೆ ಹೋಗಿ ಒಂದು ಪೆಟ್ಟಿಗೆ ತಂದರು.

"ಐತ್ರಿ. ವೈರ್ ಚುಚ್ಚೂದೂ ಐತಿ, ಎಫ್‌ಎಂನೂ ಐತಿ. ನೋಡ್ರಿ." ವೈರ್ ಚುಚ್ಚಿ ಹಚ್ಚಿಯೂ ಬಿಟ್ಟರು. ಯಾರೋ ಒಬ್ಬರು ಗೊಬ್ಬರ ಹಾಕುವ ವಿಧಾನವನ್ನು ಸ್ವಚ್ಛವಾಗಿ ಹೇಳುತ್ತಿದ್ದರು.

ಊರೂರು ಹುಡುಕಿದ್ದು ಕೈಗೆ ಸಿಕ್ಕರೆ ಇಷ್ಟು ಹೆದರಿಕೆಯಾಗುತ್ತದೆಂದು ಗೊತ್ತಿರಲಿಲ್ಲ. ಇದನ್ನು ಕೊಂಡರೆ ಸಂಜೆಗೆ ಮನೆ, ನಾಳೆ ಬೆಳಿಗ್ಗೆ ಮೇಜು, ಮೇಜಿನ ಮೇಲೆ ಹಸಿರು ಜರಿ.

"ಬೇರೆ ಬಣ್ಣದ್ದು ಇಲ್ಲೇನ್ರಿ?" ಎಂದೆ.

"ಇಲ್ರಿ, ಈ ಕರೇದೊಂದ ಐತ್ರಿ. ಯಾಕ್ರಿ, ಕರೇದು ಆಗಂಗಿಲ್ಲೇನು?"

"ಕರೇದು ಚಲೋ ಅಲ್ರಿ" ಎಂದೆ. ನನ್ನ ಕೈಯಲ್ಲಿದ್ದ ಅಕ್ಕನ ಫೋನ್ ಕಪ್ಪಗೇ ಇತ್ತು. ಅಂಗಡಿಯವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಪೆಟ್ಟಿಗೆ ಮುಚ್ಚಿದರು. ವಾಪಸ್ ಬರುವ ಬಸ್ಸು ಚಿಕ್ಕೇರೂರು ದಾಟುವವರೆಗೆ ನಾನು ತಲೆ ಎತ್ತಿ ಯಾರನ್ನೂ ನೋಡಲಿಲ್ಲ.

ಆ ವಾರದ ಸಂತೆಗೆ ಹುಸೇನಬಿಯವರು ಬಂದರು. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಒಳಗೆ ಬಂದು, ಮೇಜಿನ ಮೇಲೆ ತಮ್ಮ ಪೀಸ್ ಮಡಿಕೆಯೂ ಬಿಚ್ಚದೆ ಬಿದ್ದಿರುವುದನ್ನು ನೋಡಿದರು.

"ಶಾರದಾ, ಇದೇನವಾ?"

"ಫೋನ್ ಕೆಟ್ಟೈತಿ ಆಪಾ."

"ಜಂಪರ್ ಫೋನ್ ಹೊಲೀತೈತೇನ?"

"ಹಂಗಲ್ಲ. ಎಫ್‌ಎಂ ಇಲ್ದ ಕತ್ರಿ ಹಿಡ್ಯಾಕ ಬರಂಗಿಲ್ಲ."

"ಯಾರಿಗೆ, ಕತ್ರಿಗೋ ನಿನಗೋ?"

ಅವರು ಹೊರಗೆ ಹೋಗಿ ಬುಟ್ಟಿಯನ್ನು ಒಳಗೆ ತಂದು, ಅಕ್ಕ ಕೂರುತ್ತಿದ್ದ ಸ್ಟೂಲಿನ ಮೇಲೆ ಕುಳಿತರು. ಒಂದು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡರು. "ಹಿಡಿ ಕತ್ರಿ. ನಾ ಮಾತಾಡ್ತೇನಿ. ನಿಮ್ಮ ರೇಡಿಯೋಕ್ಕಿಂತ ನನ್ನ ಬಾಯಿ ಏನ ಕಡಿಮಿ ಐತಿ? ಇದಕ್ಕ ವೈರೂ ಬ್ಯಾಡ, ಕರೆಂಟೂ ಬ್ಯಾಡ."

ಅವರು ಶುರು ಮಾಡಿದರು. ಈ ಸಲ ಎಲೆಗೆ ಬಿಸಿಲು ಬಡಿದದ್ದು, ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಗೂ ಟಿಕೆಟ್ ಕೇಳಿದ್ದು, ಅದಕ್ಕೆ ತಾವು "ಹಂಗಿದ್ರ ಬುಟ್ಟಿಗೂ ಸೀಟ್ ಕೊಡು" ಅಂದದ್ದು. ನಾನು ಹಸಿರು ಪೀಸ್ ಬಿಚ್ಚಿದೆ. ಅದರ ಮೇಲೆ ಅಳತೆಗೆ ಕೊಟ್ಟ ಜಂಪರನ್ನು ಹಾಸಿದೆ. ಅದೂ ಅಕ್ಕನೇ ಕತ್ತರಿಸಿದ್ದು. ಅದರ ಸುತ್ತ ಹೊಲಿಗೆಗೆ ಬೇಕಾದಷ್ಟೇ ಅಂಚು ಬಿಟ್ಟು ಚಾಕ್‌ಪೀಸಿನಿಂದ ಗೆರೆ ಎಳೆದೆ, ಎಲ್ಲಿ ಬಾಗಿದೆಯೋ ಅಲ್ಲಿ ಬಾಗಿಸಿ, ಎಲ್ಲಿ ನೇರವೋ ಅಲ್ಲಿ ನೇರ. ಕೂದಲೆಳೆಯಷ್ಟೂ ನನ್ನ ಬುದ್ಧಿ ಸೇರಿಸಲಿಲ್ಲ. ಆಮೇಲೆ ಕತ್ತರಿ ಎತ್ತಿದೆ. ಅದು ಇಷ್ಟು ಭಾರ ಎಂದು ಅಕ್ಕ ಯಾವತ್ತೂ ಹೇಳಿರಲಿಲ್ಲ. ತಿರುಗಿಕೊಳ್ಳೋಣವೆಂದರೆ ಈ ಸಲ ಗೋಡೆಯ ಕಡೆ ಮುಖ ಮಾಡುವಂತಿರಲಿಲ್ಲ, ಕತ್ತರಿಸುವವಳೇ ನಾನು.

"ನಮ್ಮ ಬೀಗತಿ ಅದಾಳಲ್ಲ" ಎಂದು ಹುಸೇನಬಿಯವರು ಹೇಳುತ್ತಿದ್ದರು, "ಒಂದ ಎಲಿ ಹಾಕ್ಕೊಂಡ್ರ ಹತ್ತ ಊರ ಸುದ್ದಿ ಹೇಳ್ತಾಳ. ನಾ ನಿಖಾಕ್ಕ ಹಳೇ ಜಂಪರ್ ಹಾಕ್ಕೊಂಡ ನಿಂತೆ ಅಂದ್ರ ಮೊಮ್ಮಕ್ಕಳ ಹುಟ್ಟೂತನಕಾ ಅದನ್ನ ಹೇಳ್ತಾಳ." ಕತ್ತರಿಯ ಬಾಯಿ ಜರಿಗೆ ತಾಗಿ ಕರಕ್ ಎಂದಿತು. ನಾನು ನಿಂತೆ. ಅವರೂ ನಿಂತರು.

"ಯಾಕ ನಿಲ್ಲಿಸಿದ್ರಿ ಆಪಾ?"

"ನೀ ನಿಲ್ಲಿಸಿದಿ, ಅದಕ್ಕ."

ನಾನು ಮುಂದುವರಿಸಿದೆ, ಅವರೂ ಮುಂದುವರಿಸಿದರು. ಬೆನ್ನು ಬಂತು, ಮುಂದಿನ ಎರಡು ಭಾಗ ಬಂತು. ತೋಳುಗಳನ್ನು ಕತ್ತರಿಸಿ ಮೇಜಿನ ಮೇಲೆ ಹರವಿದರೆ ಒಂದು ಎಡದ್ದು, ಒಂದು ಬಲದ್ದು. ಸೃಷ್ಟಿಯ ದೊಡ್ಡ ವ್ಯವಸ್ಥೆಯೊಂದನ್ನು ನೋಡಿದಂತೆ ನೋಡುತ್ತಾ ನಿಂತೆ. ಹುಸೇನಬಿಯವರು ಬಾಯಲ್ಲಿದ್ದ ಎಲೆಯನ್ನು ಹೊರಗೆ ಉಗುಳಿ ಬಂದು, "ಮುಗೀತಲ್ಲ? ನನ್ನ ಬಾಯಿ ನೋವು ಬಂತು" ಎಂದರು. ನಾನು ತುಂಡುಗಳನ್ನು ಮಷಿನ್ನಿನ ಪಕ್ಕ ಇಟ್ಟೆ. ಅವರು ಮತ್ತೆ ಅಕ್ಕನ ಸ್ಟೂಲಿನ ಮೇಲೆಯೇ ಕುಳಿತರು.

ಹೊಲಿಗೆ ನನ್ನ ಕೆಲಸ, ಅದರಲ್ಲಿ ಅಂಜಿಕೆ ಇಲ್ಲ. ಮುಂದಿನ ಸಂತೆಗೆ ಜಂಪರ್ ಸಿದ್ಧವಾಗಿತ್ತು. ಹುಸೇನಬಿಯವರು ಒಳಗೆ ಹೋಗಿ ಹಾಕಿಕೊಂಡು ಬಂದು, ಕನ್ನಡಿಯ ಮುಂದೆ ನಿಂತು, ಹಿಂದೆ ಮುಂದೆ ನೋಡಿ, ಎರಡೂ ಕೈ ಮೇಲೆತ್ತಿದರು.

"ಬಗಲಾಗ ಸ್ವಲ್ಪ ಬಿಗಿ ಐತಿ."

ಅಕ್ಕಿಆಲೂರಿನ ಅಂಗಡಿಯಲ್ಲಿ ಕುಳಿತು ಫಾಲ್ ಹಚ್ಚುತ್ತಿರುವ ನನ್ನನ್ನು ನಾನೇ ಕಂಡೆ. ನನ್ನ ಮುಖ ನೋಡಿ ಅವರೇ ಗಾಬರಿಯಾಗಿ ಕೈ ಇಳಿಸಿದರು.

"ಅಯ್ಯ, ಅಂಜಬ್ಯಾಡವಾ. ನೀಲಕ್ಕ ಕತ್ತರಿಸಿದ್ದೂ ಹಿಂಗ ಇರ್ತಿತ್ತು."

"ಯಾವಾಗಿಂದ?"

"ಮೊದ್ಲಿಂದನೂ. ನಂದಷ್ಟ ಅಲ್ಲ, ಎಲ್ಲಾರ್ದೂ. ನಾವು ನಾವು ಮಾತಾಡ್ಕೊಂತಿದ್ವಿ."

"ಮತ್ತ ಆಕಿಗೆ ಯಾಕ ಹೇಳ್ಲಿಲ್ರಿ?"

"ಹೇಳೂದ ಹ್ಯಾಂಗವಾ?" ಎಂದು ಅವರು ದನಿ ತಗ್ಗಿಸಿದರು. "ಆಕಿ ಕತ್ರಿ ಹಿಡದ ನಿಂತಿರ್ತಿದ್ಲು."

ನಾನು ನಕ್ಕೆ. ಶ್ರಾವಣದಿಂದ ಇಲ್ಲಿಯವರೆಗೆ ನಕ್ಕಿರಲಿಲ್ಲವಾದ್ದರಿಂದ ಅದು ಸರಿಯಾಗಿ ಬರಲಿಲ್ಲ, ನಡುವೆ ಬೇರೆ ಏನೋ ಆಗಿ ಸೆರಗಿನಿಂದ ಮುಖ ಒರೆಸಿಕೊಳ್ಳಬೇಕಾಯಿತು. ಅಕ್ಕನಂತೆ ಕತ್ತರಿಸಲು ನನಗೆ ಬರುವುದಿಲ್ಲ ಎಂದು ಇಷ್ಟು ತಿಂಗಳು ಅಂಜಿದ್ದೆ. ಅಕ್ಕನ ಜಂಪರನ್ನೇ ಹಾಸಿ, ಅದರ ಗೆರೆಯ ಮೇಲೆ ಗೆರೆ ಎಳೆದು, ಬಗಲಿನ ಬಿಗಿಯನ್ನೂ ಬಿಡದೆ ಥೇಟ್ ಅವಳಂತೆಯೇ ಕತ್ತರಿಸಿದ್ದೆ. ಬಿಚ್ಚಿ ಸಡಿಲು ಮಾಡಿಕೊಡುತ್ತೇನೆ ಎಂದರೆ ಹುಸೇನಬಿಯವರು ಒಪ್ಪಲಿಲ್ಲ. "ಬಿಡು, ರೂಢಿ ಆಗೇತಿ" ಎಂದು ಅದನ್ನೇ ತೊಟ್ಟು ಮಗಳ ನಿಖಾದಲ್ಲಿ ಓಡಾಡಿದರಂತೆ. ಬೀಗತಿ ಏನೂ ಅನ್ನಲಿಲ್ಲವಂತೆ.

ಅಂಗಡಿ ಮುಚ್ಚಲಿಲ್ಲ. ಆದರೆ ಅಂಜಿಕೆ ಹೋಯಿತೆಂದು ತಿಳಿಯಬೇಡಿ, ಅದು ಜಾಗ ಬದಲಿಸಿದೆ. ಈಗ ಸಂತೆಯಲ್ಲಿ ಯಾವ ಹೆಂಗಸು ಮೇಲಿನ ಸಾಮಾನು ತೆಗೆಯಲು ಕೈ ಎತ್ತಿದರೂ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೂ, ನಾನು ಬೇರೆ ಕಡೆ ನೋಡುತ್ತೇನೆ. ಈ ಹಾನಗಲ್ಲಿನಲ್ಲಿ ಎಷ್ಟು ಜನ ಎಷ್ಟು ವರ್ಷದಿಂದ ಬಗಲು ಬಿಗಿ ಹಿಡಿದುಕೊಂಡು ನಮ್ಮನ್ನು ಕಂಡಾಗ ನಗುತ್ತಿದ್ದಾರೋ. ಮೇಜಿನ ಮೇಲೆ ಇನ್ನೊಬ್ಬರ ಪೀಸ್ ಹರವಿ, ಚಾಕ್ ಹಿಡಿದು ನಿಂತಿದ್ದೇನೆ. ಬಗಲಲ್ಲಿ ಬೆರಳಷ್ಟು ಬಿಟ್ಟು ಗೆರೆ ಎಳೆದರೆ ತೊಡುವವರಿಗೆ ಆರಾಮ. ಬಿಡದೆ ಎಳೆದರೆ ಅದು ಅಕ್ಕನ ಜಂಪರ್. ಎರಡಕ್ಕೂ ಕೈ ಬರುತ್ತಿಲ್ಲ. ಈಗ ಎಫ್‌ಎಂ ಬದಲಿಗೆ ಮಾತಾಡಲೆಂದು ಕಟ್ಟೆಯ ಮೇಲೆ ಕುಳಿತ ಹೆಂಗಸರೆಲ್ಲ ಇದಕ್ಕೊಂದು ಸಲಹೆ ಕೊಡುತ್ತಿದ್ದಾರೆ. ಫೋನಿನಲ್ಲಿ ಎಫ್‌ಎಂ ಇರಬೇಕು ಎಂದು ನಾನು ಈಗಲೂ ಹೇಳುತ್ತೇನೆ, ಮೊದಲಿಗಿಂತ ಜೋರಾಗಿಯೇ ಹೇಳುತ್ತೇನೆ. ಅಷ್ಟು ವರ್ಷ ನಮ್ಮ ಖೋಲಿಯಲ್ಲಿ ಬಾಯಿ ಮುಚ್ಚದೆ ಮಾತಾಡಿದರೂ ಅದು ಒಂದೇ ಒಂದು ದಿನವೂ ಬಗಲಿನ ಸುದ್ದಿ ಎತ್ತಲಿಲ್ಲ.